ಸರ್ಜ್ ಪ್ರೊಟೆಕ್ಟರ್ ಬೋರ್ಡ್: ನಾಲ್ಕು ವರ್ಷ, ಎರಡು ಸಿಡಿಲು

ವೋಲ್ಟೇಜ್ ದಿಢೀರನೆ ಏರಿದಾಗ ಉಪಕರಣಗಳನ್ನು ಕಾಯುವ, ಆರು ಸಾಕೆಟ್ಟಿನ ಈ ಸರ್ಜ್ ಪ್ರೊಟೆಕ್ಟರ್ ಬೋರ್ಡನ್ನು ತಂದ ವಾರದಲ್ಲೇ ವಿಮರ್ಶೆ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಟ್ಟುಬಿಡುತ್ತಿದ್ದೆ. ಆಗ ಅದು ಮಾಡುತ್ತಿದ್ದದ್ದಾದರೂ ಏನು? ಹಸಿರು ದೀಪ ಉರಿಸಿಕೊಂಡು ಸುಮ್ಮನೆ ಕೂತಿತ್ತು. ಇಂಥ ವಸ್ತುವಿನ ಯೋಗ್ಯತೆ ತಿಳಿಯಬೇಕಾದರೆ ಸಿಡಿಲು ಬೀಳಬೇಕು. ನಮಗೆ ಎರಡು ಬಿದ್ದವು.

ಇಂಟರ್ನೆಟ್ ತರುವ ಫೈಬರ್ ಬಂದು ಸೇರುವ ಪೆಟ್ಟಿಗೆಯಾದ ಓಎನ್‌ಟಿ, ರೂಟರ್, ಲ್ಯಾನ್ ಕೇಬಲ್ಲುಗಳನ್ನು ಜೋಡಿಸುವ ಎಂಟು ಪೋರ್ಟಿನ ಸ್ವಿಚ್, ಮೂರೂ ಇದೇ ಬೋರ್ಡಿಗೆ ಸೇರಿದ್ದವು. ಬೋರ್ಡ್ ಇದ್ದದ್ದು ಪುಸ್ತಕದ ಕಪಾಟಿನ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಇದು ಮುಂದೆ ಮುಖ್ಯವಾಗುತ್ತದೆ.

ಎರಡನೇ ವರ್ಷ ಒಂದು ಸಂಜೆ ಎದುರಿನ ಮರಕ್ಕೆ ಸಿಡಿಲು ಹೊಡೆಯಿತು. ದೀಪಗಳು ಒಮ್ಮೆ ಮಂಕಾಗಿ ಮತ್ತೆ ಹೊತ್ತಿಕೊಂಡವು. ಪಕ್ಕದ ಮನೆಯವರ ಟಿವಿ, ರೂಟರ್ ಎರಡೂ ಹೋದವು. ನಮ್ಮಲ್ಲಿ ಏನೂ ಆಗಲಿಲ್ಲ. ಬೋರ್ಡಿನ ಬಗ್ಗೆ ನಾನು ಕಂಡಕಂಡವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಹೋದ ವರ್ಷ ಇನ್ನೊಂದು ಬಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಓಎನ್‌ಟಿಯಲ್ಲಿ ಒಂದು ದೀಪವೂ ಇಲ್ಲ. ರೂಟರ್ ಹೊತ್ತಿದೆ, ವೈಫೈ ಹೆಸರು ಮೊಬೈಲಿನಲ್ಲಿ ಕಾಣುತ್ತಿದೆ, ಇಂಟರ್ನೆಟ್ ಮಾತ್ರ ಇಲ್ಲ. ಸ್ವಿಚ್ಚಿನಲ್ಲಿ ಎಂಟೂ ದೀಪ ಒಟ್ಟಿಗೆ ಹೊತ್ತಿಕೊಂಡು, ಮಿಣುಕದೆ ಹಾಗೇ ನಿಂತುಬಿಟ್ಟಿವೆ. ಬೋರ್ಡಿನ ಸಾಕೆಟ್ಟುಗಳಲ್ಲಿ ಕರೆಂಟು ಇದೆ, ಆದರೆ ಅದರ ಹಸಿರು ದೀಪ ಆರಿದೆ.

ಇಲ್ಲಿ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಗಾಬರಿಯಲ್ಲಿ ರೂಟರಿನ ರೀಸೆಟ್ ರಂಧ್ರಕ್ಕೆ ಪಿನ್ನು ಚುಚ್ಚಿದೆ. ಅದರಲ್ಲಿದ್ದ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗಿ, ಅದನ್ನು ಮತ್ತೆ ಪಡೆಯಲು ಅರ್ಧ ದಿನ ಕಸ್ಟಮರ್ ಕೇರ್ ಸಂಗೀತ ಕೇಳಿದ್ದಾಯಿತು. ಸಿಡಿಲಿಗೆ ಸುಟ್ಟದ್ದು ರೀಸೆಟ್ಟಿನಿಂದ ಬದುಕುವುದಿಲ್ಲ.

ಮೊದಲು ಅಡಾಪ್ಟರ್ ನೋಡಬೇಕಿತ್ತು. ಸಾಮಾನ್ಯವಾಗಿ ಮೊದಲು ಸಾಯುವುದು ಅದೇ. ಓಎನ್‌ಟಿಯ ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಅಂತ ಬರೆದಿತ್ತು, ಮಲ್ಟಿಮೀಟರ್ ಸೊನ್ನೆ ತೋರಿಸಿತು. ರೂಟರಿನದ್ದೂ 12 ವೋಲ್ಟೇ, ಆಂಪಿಯರ್ ಒಂದೂವರೆ, ಪಿನ್ನೂ ಅದೇ ಅಳತೆಯದು. ಅದನ್ನು ಚುಚ್ಚಿದ ಕೂಡಲೇ ಓಎನ್‌ಟಿ ಎದ್ದಿತು. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪ್ಲಸ್ ಮೈನಸ್ ಗುರುತು ಹೊಂದಬೇಕು. ಮೀಟರಿನಲ್ಲಿ 12 ಕಂಡಿತೆಂದು ಅಡಾಪ್ಟರ್ ನೆಟ್ಟಗಿದೆ ಅಂತಲೂ ಹೇಳಲಾಗದು. ಒಳಗಿನ ಕೆಪಾಸಿಟರ್ ಉಬ್ಬಿದ್ದರೆ, ಲೋಡ್ ಬಿದ್ದೊಡನೆ ವೋಲ್ಟೇಜ್ ಕುಸಿದು ರೂಟರ್ ಪದೇ ಪದೇ ತಾನೇ ರೀಸ್ಟಾರ್ಟ್ ಆಗುತ್ತಿರುತ್ತದೆ.

ಓಎನ್‌ಟಿ ಎದ್ದ ಮೇಲೆ ಪಾನ್ ದೀಪ ಹಸಿರಾಗಿ ನಿಂತಿತು, ಅಂದರೆ ಫೈಬರ್ ಸಂಪರ್ಕ ಸರಿಯಿದೆ. ಲಾಸ್ ದೀಪ ಕೆಂಪಗೆ ಮಿಣುಕಿದ್ದರೆ ಬೆಳಕೇ ಬರುತ್ತಿಲ್ಲ, ಫೈಬರ್ ತುಂಡಾಗಿದೆ ಅಥವಾ ಆಚೆ ಕಡೆ ಏನೋ ಕೆಟ್ಟಿದೆ ಅಂತ ಅರ್ಥ. ಆಗ ಫೋನ್ ಮಾಡುವುದು ಬಿಟ್ಟು ನಮ್ಮ ಕೈಯಲ್ಲಿ ಏನೂ ಇಲ್ಲ.

ಸ್ವಿಚ್ ಪೂರ್ತಿ ಹೋಗಿತ್ತು. ನನ್ನನ್ನು ಹೆಚ್ಚು ಆಟವಾಡಿಸಿದ್ದು ರೂಟರಿನ ಒಂದು ಪೋರ್ಟ್. ಲ್ಯಾಪ್‌ಟಾಪ್ ಸಿಕ್ಕಿಸಿದರೆ ದೀಪ ಬರುತ್ತದೆ, ಇಂಟರ್ನೆಟ್ಟೂ ಬರುತ್ತದೆ, ಆದರೆ ವೇಗ 100 ಎಂಬಿಪಿಎಸ್ ದಾಟುವುದಿಲ್ಲ. ಕೇಬಲ್ ಬದಲಿಸಿದರೂ ಅಷ್ಟೇ. ಅದೇ ಕೇಬಲ್ಲನ್ನು ಪಕ್ಕದ ಪೋರ್ಟಿಗೆ ಹಾಕಿದರೆ ಪೂರ್ತಿ ಗಿಗಾಬಿಟ್. ಲ್ಯಾನ್ ಕೇಬಲ್ಲಿನ ನಾಲ್ಕು ಜೊತೆ ತಂತಿಯೂ ಕೆಲಸ ಮಾಡಿದರೆ ಮಾತ್ರ ಗಿಗಾಬಿಟ್, 100ಕ್ಕೆ ಎರಡು ಜೊತೆ ಸಾಕು. ಪೋರ್ಟಿನೊಳಗೆ ಒಂದು ಜೊತೆ ಸುಟ್ಟಿತ್ತು. ಆ ಪೋರ್ಟಿಗೆ ಟೇಪ್ ಅಂಟಿಸಿ, ಉಳಿದವನ್ನು ಈಗಲೂ ಬಳಸುತ್ತಿದ್ದೇನೆ.

ಸ್ವಿಚ್ಚೂ ಈ ಪೋರ್ಟೂ ಸತ್ತದ್ದು ಕರೆಂಟಿನ ದಾರಿಯಿಂದಲ್ಲ ಎನ್ನುವುದು ಆಮೇಲೆ ಹೊಳೆಯಿತು. ಮೇಲ್ಛಾವಣಿಯ ಕ್ಯಾಮೆರಾದಿಂದ ಮೂವತ್ತು ಮೀಟರ್ ಲ್ಯಾನ್ ಕೇಬಲ್ ಇಳಿದು ಬಂದು ಅದೇ ಸ್ವಿಚ್ಚಿಗೆ ಸೇರುತ್ತಿತ್ತು. ಸಿಡಿಲು ತಂತಿಗೇ ಬೀಳಬೇಕೆಂದಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಉದ್ದನೆಯ ತಾಮ್ರದ ತಂತಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಬಹುದು. ಬೋರ್ಡ್ ಮುಂಬಾಗಿಲು ಕಾಯುತ್ತಿತ್ತು, ಕಳ್ಳ ಮೆಟ್ಟಿಲಿಳಿದು ಒಳಗೆ ಬಂದ.

ಮುಂಬಾಗಿಲನ್ನಾದರೂ ಕಾಯುತ್ತಿತ್ತೇ? ಅದೂ ಇಲ್ಲ. ಪ್ಲಗ್ ಕಿತ್ತು, ನಾಲ್ಕು ಸ್ಕ್ರೂ ಬಿಚ್ಚಿ ನೋಡಿದೆ. ಒಳಗೆ ನಾಣ್ಯದಷ್ಟು ಅಗಲದ ಮೂರು ನೀಲಿ ಬಿಲ್ಲೆ. ಒಂದು ಕಪ್ಪಾಗಿ ಸೀಳಿತ್ತು, ಅದರ ಎದುರಿನ ಪ್ಲಾಸ್ಟಿಕ್ ಮೇಲೆ ಮಸಿ. ಇವುಗಳಿಗೆ ವ್ಯಾರಿಸ್ಟರ್ ಅನ್ನುತ್ತಾರೆ, ಒಳಗಿರುವುದು ಸತುವಿನ ಆಕ್ಸೈಡ್. ಮಾಮೂಲಿ ವೋಲ್ಟೇಜಿನಲ್ಲಿ ಕರೆಂಟನ್ನು ಹೆಚ್ಚುಕಡಿಮೆ ಬಿಡುವುದೇ ಇಲ್ಲ, ಮಿತಿ ಮೀರಿದರೆ ನ್ಯಾನೋ ಸೆಕೆಂಡುಗಳಲ್ಲಿ ದಾರಿ ಕೊಟ್ಟು ಹೆಚ್ಚಿನದನ್ನು ತಮ್ಮ ಮೂಲಕ ಹರಿಸಿಬಿಡುತ್ತವೆ. ದೊಡ್ಡ ಪೆಟ್ಟು ತಿಂದಾಗಲೆಲ್ಲ ಇಷ್ಟಿಷ್ಟೇ ಸವೆಯುತ್ತವೆ. ಪಕ್ಕದಲ್ಲೊಂದು ಥರ್ಮಲ್ ಫ್ಯೂಸ್ ಇರುತ್ತದೆ. ಬಿಲ್ಲೆ ಕಾದರೆ ಅದು ಕಡಿದುಕೊಳ್ಳುತ್ತದೆ, ಹಸಿರು ದೀಪ ಆರುತ್ತದೆ. ಸಾಕೆಟ್ಟುಗಳಿಗೆ ಮಾತ್ರ ಕರೆಂಟು ಹೋಗುತ್ತಲೇ ಇರುತ್ತದೆ.

ಮೊದಲ ಸಿಡಿಲಾಗಿ ಎರಡು ತಿಂಗಳಿಗೆ, ಯಾವ ವೈರು ಎಲ್ಲಿಗೆ ಅಂತ ನೆನಪಿಗಿರಲೆಂದು ಕಪಾಟಿನ ಹಿಂದೆ ಮೊಬೈಲ್ ತೂರಿಸಿ ಒಂದು ಫೋಟೊ ತೆಗೆದಿದ್ದೆ. ಅದನ್ನು ಹುಡುಕಿ ದೊಡ್ಡದು ಮಾಡಿ ನೋಡಿದೆ. ಆ ಫೋಟೊದಲ್ಲೂ ದೀಪ ಆರಿದೆ. ನಾನು ಊರೆಲ್ಲ ಹೊಗಳಿಕೊಂಡು ತಿರುಗುತ್ತಿದ್ದಾಗ ಅದು ಸತ್ತು ಬರೀ ಎಕ್ಸ್‌ಟೆನ್ಶನ್ ಬೋರ್ಡ್ ಆಗಿತ್ತು. ಅಂದರೆ ತನ್ನ ಕೆಲಸ ಮಾಡಿಯೇ ಸತ್ತಿತ್ತು, ಆ ಮಾತು ಬೇರೆ. ದೀಪದ ಜೊತೆ ಒಂದು ಬಜರ್ ಇಟ್ಟಿದ್ದರೆ ಕಂಪನಿಯವರ ಗಂಟೇನು ಹೋಗುತ್ತಿತ್ತು?

ಎಲೆಕ್ಟ್ರಿಷಿಯನ್ ಬಂದಾಗ ಇನ್ನೊಂದು ಹುಳುಕು ಸಿಕ್ಕಿತು. ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ವೈರ್ ಸಡಿಲ. ಮೂರು ಬಿಲ್ಲೆಗಳಲ್ಲಿ ಎರಡು ಅರ್ಥಿಂಗನ್ನೇ ನಂಬಿಕೊಂಡಿರುತ್ತವೆ. ಅದಿಲ್ಲದಿದ್ದರೆ ಎಷ್ಟು ದುಬಾರಿ ಬೋರ್ಡ್ ತಂದರೂ ಅವೆರಡೂ ದಂಡ. ಬೋರ್ಡ್ ಎಷ್ಟು ಪೆಟ್ಟು ತಾಳಬಲ್ಲದೆಂದು ಹೇಳುವ, ಡಬ್ಬದ ಮೇಲಿನ ಜೂಲ್ ಸಂಖ್ಯೆಗೂ ಮರುಳಾಗಬೇಡಿ. ಹೆಚ್ಚಿದ್ದರೆ ಹೆಚ್ಚು ದಿನ ಬಾಳೀತು, ಆದರೆ ಹತ್ತಾರು ಸಾವಿರ ಆಂಪಿಯರಿನ ಸಿಡಿಲು ನೇರ ಮನೆಗೇ ಬಡಿದರೆ ಯಾವ ಬೋರ್ಡೂ ನಿಲ್ಲುವುದಿಲ್ಲ.

ಬೇರೆ ಕಂಪನಿಯದು ತರೋಣ ಅಂತ ಹೊರಟವನು ಕೊನೆಗೆ ಇದೇ ಮಾಡೆಲ್ ತಂದೆ. ಈ ಸಲ ಗೋಡೆಗೆ, ಕಣ್ಣಿಗೆ ನೇರ ಕಾಣುವಂತೆ ಹೊಡೆದಿದ್ದೇನೆ. ಕ್ಯಾಮೆರಾದ ಕೇಬಲ್ ಮತ್ತು ಹೊಸ ಸ್ವಿಚ್ಚಿನ ನಡುವೆ ಲ್ಯಾನ್ ಸಂಕೇತವನ್ನು ಫೈಬರಿನ ಬೆಳಕಾಗಿಯೂ ಬೆಳಕನ್ನು ಮತ್ತೆ ಸಂಕೇತವಾಗಿಯೂ ಬದಲಿಸುವ ಎರಡು ಮೀಡಿಯಾ ಕನ್ವರ್ಟರ್ ಇಟ್ಟು, ಮಧ್ಯೆ ಎರಡು ಮೀಟರ್ ಫೈಬರ್ ಹಾಕಿದ್ದೇನೆ. ಗಾಜಿನಲ್ಲಿ ಕರೆಂಟು ಹರಿಯುವುದಿಲ್ಲ. ಸುಟ್ಟರೆ ಆಚೆಯ ಕನ್ವರ್ಟರ್ ಸುಡಲಿ.

ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ಗುಗಳನ್ನೂ ಕ್ಯಾಮೆರಾ ಕೇಬಲ್ಲನ್ನೂ ಕಿತ್ತಿಡುತ್ತೇನೆ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಅದರೊಳಗಿನ ಸಣ್ಣ ಸಂದನ್ನು ಸಿಡಿಲು ಲೆಕ್ಕಕ್ಕೇ ಇಡುವುದಿಲ್ಲ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಾದರೆ ಸುಮಾರು ಒಂದು ಕಿಲೋಮೀಟರ್ ದೂರ. ಎಣಿಕೆ ಮೂವತ್ತರೊಳಗೆ ಬಂತೋ, ವೈರು ಮುಟ್ಟಲು ಹೋಗುವುದಿಲ್ಲ, ಹೋದರೆ ರೂಟರ್ ಹೋಗಲಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾದ ಮೇಲೆ ಮತ್ತೆ ಚುಚ್ಚುವುದು.

ಮೂರೂವರೆ ಸ್ಟಾರ್. ಬಜರ್ ಇಲ್ಲದ್ದಕ್ಕೆ ಒಂದು ಕಡಿತ, ಲ್ಯಾನ್ ಕೇಬಲ್ಲಿಗೆ ರಕ್ಷಣೆ ಇಲ್ಲವೆಂದು ಡಬ್ಬದ ಮೇಲೆ ಎಲ್ಲೂ ಹೇಳದ್ದಕ್ಕೆ ಅರ್ಧ. ಹಳೆಯ ಬೋರ್ಡನ್ನು ಇಸ್ತ್ರಿಪೆಟ್ಟಿಗೆಗಾದರೂ ಬಳಸೋಣ ಅಂತ ಮನೆಯಲ್ಲಿ ಎರಡು ಸಲ ಎತ್ತಿಕೊಂಡು ಬಂದರು. ಅದರ ಪ್ಲಗ್ ಕತ್ತರಿಸಿಟ್ಟಿದ್ದೇನೆ.