ಅಫೇಸಿಯಾ ಇರುವವರ ಮಾತು ಅಳೆಯಲು ನಾನು ಬಳಸಿದ ನಾಲ್ಕು ದಾರಿ

ನಾನು ಸ್ಪೀಚ್ ಥೆರಪಿಸ್ಟ್. ಸ್ಟ್ರೋಕ್ ಆದಮೇಲೆ ಅಫೇಸಿಯಾ (ಮೆದುಳಿಗೆ ಪೆಟ್ಟಾಗಿ ಭಾಷೆ ಕುಂದುವ ತೊಂದರೆ) ಬಂದವರಿಗೆ ಮಾತು ಎಷ್ಟು ಉಳಿದಿದೆ, ಎಷ್ಟು ವಾಪಸ್ ಬರುತ್ತಿದೆ ಅಂತ ನೋಡುವುದು ನನ್ನ ದಿನದ ಕೆಲಸ. ಹೆಸರಿನ ಕಾರ್ಡು, ಒಂದೇ ದೊಡ್ಡ ಚಿತ್ರ, ಸಾಲು ಚಿತ್ರ, ಅವರದೇ ಕಥೆ, ಈ ನಾಲ್ಕನ್ನೂ ಬಳಸಿದ್ದೇನೆ. ಈಗ ಕೈ ತಾನಾಗಿ ಹೋಗುವುದು ಸಾಲು ಚಿತ್ರಗಳ ಕಡೆಗೆ. ಆರು ಚಿತ್ರ, ಒಂದು ಸಣ್ಣ ಘಟನೆ, ಕೆಳಗೆ ಒಂದಕ್ಷರವೂ ಇರುವುದಿಲ್ಲ.

ಮೊದಲು ದುಡ್ಡು ಹಾಕಿದ್ದು ಹೆಸರಿನ ಕಾರ್ಡುಗಳಿಗೆ. ಚಿತ್ರ ತೋರಿಸಿ ಹೆಸರು ಕೇಳುವುದು, ಸರಿ ತಪ್ಪು ಗುರುತು ಹಾಕುವುದು, ಅಷ್ಟೇ. ಬೋಸ್ಟನ್ ನೇಮಿಂಗ್ ಟೆಸ್ಟಿನ 60 ರೇಖಾಚಿತ್ರಗಳೂ ಇದೇ ಬಗೆಯವು. ಬೇಗ ಮುಗಿಯುತ್ತದೆ. ಆದರೆ ಮೂರು ತಿಂಗಳ ಥೆರಪಿಯ ನಂತರ ಒಬ್ಬರ ಅಂಕ ಚೆನ್ನಾಗಿ ಏರಿತ್ತು, ನನಗೆ ಖುಷಿಯಾಗಿತ್ತು. ಅವರ ಮಗಳು ಮಾತ್ರ, "ಮನೇಲಿ ಹಾಗೇ ಇದ್ದಾರೆ ಮೇಡಂ. ಒಂದು ವಿಷಯ ಹೇಳಿ ಮುಗಿಸೋಕೆ ಅಪ್ಪಂಗೆ ಆಗ್ತಾ ಇಲ್ಲ" ಅಂದರು. ಮಗಳು ಹೇಳಿದ್ದೇ ನಿಜವಾಗಿತ್ತು. ಕಾರ್ಡು ನೋಡಿ "ಬಾಗಿಲು" ಅನ್ನಬಹುದು. ಬಾಗಿಲು ಯಾರು ತೆಗೆದರು, ಆಮೇಲೆ ಏನಾಯಿತು ಅಂತ ಹೇಳಲು ಕ್ರಿಯಾಪದ ಬೇಕು, ಪದಗಳ ಜೋಡಣೆ ಬೇಕು. ಕಾರ್ಡು ಅದನ್ನು ಕೇಳುವುದೇ ಇಲ್ಲ.

ಹಾಗಾಗಿ ಒಂದೇ ಚಿತ್ರಕ್ಕೆ ಬಂದೆ. ಈ ಕ್ಷೇತ್ರದಲ್ಲಿರುವವರಿಗೆಲ್ಲ ಗೊತ್ತಿರುವುದು 'ಕುಕೀ ಥೆಫ್ಟ್' ಚಿತ್ರ. 1972ರ ಬೋಸ್ಟನ್ ಅಫೇಸಿಯಾ ಪರೀಕ್ಷೆಯದು. ಸ್ಟೂಲ್ ವಾಲುತ್ತಿದೆ, ಅದರ ಮೇಲಿನ ಹುಡುಗ ಬಿಸ್ಕತ್ತಿನ ಡಬ್ಬಿಗೆ ಕೈ ಹಾಕಿದ್ದಾನೆ, ಹುಡುಗಿ ಕೈ ಚಾಚಿದ್ದಾಳೆ, ಹೆಂಗಸು ಪಾತ್ರೆ ಒರೆಸುತ್ತಿದ್ದಾಳೆ, ಸಿಂಕ್ ತುಂಬಿ ನೀರು ನೆಲಕ್ಕೆ ಸುರಿಯುತ್ತಿದೆ. ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಅನ್ನುವ ಇನ್ನೊಂದು ಪರೀಕ್ಷೆಯಲ್ಲೂ ಹೀಗೊಂದು ಚಿತ್ರವಿದೆ. ಅಲ್ಲಿ ಮಾತಿನಲ್ಲಿರುವ ವಿಷಯಕ್ಕೆ 10, ಸರಾಗತೆಗೆ 10 ಅಂಕ.

ನನಗೆ ತಲೆನೋವಾಗಿದ್ದು ಇಲ್ಲೇ. ಒಬ್ಬರು ತುಂಬಾ ಸರಾಗವಾಗಿ ಮಾತಾಡುತ್ತಿದ್ದರು. ಬೆರಳನ್ನು ಚಿತ್ರದ ಮೇಲೆ ಓಡಿಸುತ್ತಾ, "ಇವನು ನೋಡಿ, ಇದನ್ನ ಹಿಂಗೆ... ಅದು ಹೋಗ್ತಾ ಇದೆ, ಇವಳು ಇಲ್ಲಿ..." ಅಂದರು. ನಾನು "ಹೌದು ಸರ್, ಹೌದು" ಅಂತ ತಲೆಯಾಡಿಸಿದೆ. ಒಳ್ಳೆಯ ಅಂಕವನ್ನೂ ಹಾಕಿದೆ. ಸಂಜೆ ರೆಕಾರ್ಡಿಂಗ್ ಕೇಳಿ ಬರೆದುಕೊಂಡೆ. ಮರುದಿನ ಅವರ ಹೆಂಡತಿಗೆ ಓದಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು, "ಏನು ಹೋಗ್ತಾ ಇದೆ ಮೇಡಂ?" ಅವರು ಚಿತ್ರ ನೋಡಿರಲಿಲ್ಲ. ನಾನು ನೋಡಿದ್ದೆ. ಅವರ ಗಂಡ ಹೇಳದೇ ಬಿಟ್ಟಿದ್ದನ್ನೆಲ್ಲ ನನ್ನ ಕಣ್ಣು ತುಂಬಿಸಿಕೊಟ್ಟಿತ್ತು.

ನಿಕೋಲಸ್ ಮತ್ತು ಬ್ರೂಕ್‌ಶೈರ್ ಅನ್ನುವ ಸಂಶೋಧಕರು 1993ರಲ್ಲಿ ಕೊಟ್ಟ ಪದ ಎಣಿಕೆಯ ಕ್ರಮ ಆಮೇಲೆ ನನಗೆ ಆಸರೆಯಾಯಿತು. ಆಡಿದ ಪದ ಅರ್ಥವಾಗಬೇಕು, ಚಿತ್ರಕ್ಕೆ ಸರಿಯಿರಬೇಕು, ಹೊಸದೇನಾದರೂ ತಿಳಿಸಬೇಕು. ವ್ಯಾಕರಣ ತಪ್ಪಿದ್ದರೂ ಪರವಾಗಿಲ್ಲ. ಯಾರನ್ನು, ಯಾವುದನ್ನು ಅಂತ ಹೇಳದೆ ಬರುವ "ಇವನು", "ಅದು" ಲೆಕ್ಕಕ್ಕಿಲ್ಲ. ಹೀಗೆ ಎಣಿಸಿದರೆ ಆ ಸರಾಗ ಮಾತಿನಲ್ಲಿ ಕೈಗೆ ಸಿಗುವ ಪದ ಬಹಳ ಕಡಿಮೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಾವು "ಬೀಳ್ತಾ ಇದ್ದಾನೆ" ಅಂತ ಕರ್ತೃ ಇಲ್ಲದೆಯೇ ಹೇಳುತ್ತೇವೆ, ಅದು ತಪ್ಪಲ್ಲ. ಆ ಚಿತ್ರದಲ್ಲಿ ಗಂಡಾಗಿ ಇರುವವನು ಹುಡುಗ ಒಬ್ಬನೇ, ಹಾಗಾಗಿ ಯಾರು ಅಂತ ಕ್ರಿಯಾಪದದ ಕೊನೆಯೇ ಹೇಳುತ್ತದೆ. ಆದರೆ "ನಿಂತಿದ್ದಾಳೆ" ಅಂದರೆ ಹೆಂಗಸೋ, ಹುಡುಗಿಯೋ? ಇಬ್ಬರೂ ನಿಂತಿದ್ದಾರೆ ಅಲ್ವಾ! ಚಿತ್ರ ಕಾಣದ ಒಬ್ಬರಿಗೆ ಒಬ್ಬರೇ ವ್ಯಕ್ತಿ ಹೊಳೆಯುವಂತಿದ್ದರೆ ಮಾತ್ರ ಎಣಿಸುತ್ತೇನೆ. ಇದು ನಾನೇ ಮಾಡಿಕೊಂಡ ನಿಯಮ.

ಸಾಲು ಚಿತ್ರ ಗೆದ್ದಿದ್ದು ಇದರಿಂದಲೇ. ಚಿತ್ರಗಳನ್ನು ಅವರ ಕಡೆಗಷ್ಟೇ ತಿರುಗಿಸಿ, ನಡುವೆ ಒಂದು ರಟ್ಟು ನಿಲ್ಲಿಸುತ್ತೇನೆ. "ನನಗೆ ಕಾಣಿಸ್ತಾ ಇಲ್ಲ ಸರ್, ನೀವೇ ಹೇಳಬೇಕು" ಅನ್ನುತ್ತೇನೆ. ಅದೇ ವ್ಯಕ್ತಿ ಮೊದಲ ಸಲ ರಟ್ಟಿನ ಹಿಂದೆ ಬೆರಳು ಇಟ್ಟರು, ನನ್ನ ಮುಖ ನೋಡಿದರು, ಬೆರಳು ತೆಗೆದರು. ನಾನು ಬಾಯಿ ಬಿಡದೆ ಕಾದೆ. "ಏ... ಏಣಿ. ಏಣಿ ಬಿತ್ತು. ಅವನು ಮೇಲೇ... ಮರ, ಮರದ ಮೇಲೇ ಇದ್ದಾನೆ." ಸರಾಗತೆ ಹೋಯಿತು, ವಿಷಯ ಬಂತು. ಅವರ ಹೆಂಡತಿ ಕೇಳಿದ್ದರೂ ಅರ್ಥವಾಗುತ್ತಿತ್ತು.

ಒಂದೇ ಚಿತ್ರಕ್ಕೂ ರಟ್ಟು ಇಡಬಹುದು, ಇಟ್ಟು ನೋಡಿದ್ದೇನೆ. ಆದರೆ ಅದರಲ್ಲಿ ಜಾಸ್ತಿ ಜನ ಪಟ್ಟಿ ಓದಿದ ಹಾಗೆ "ಹುಡುಗ, ಸ್ಟೂಲು, ನೀರು" ಅಂತ ನಿಲ್ಲಿಸುತ್ತಾರೆ. ಸಾಲು ಚಿತ್ರದಲ್ಲಿ "ಆಮೇಲೆ" ಅನ್ನುವುದು ತಾನಾಗಿ ಬರುತ್ತದೆ. ಒಂದು ಎಚ್ಚರಿಕೆ: ಮೆದುಳಿನ ಎಡಭಾಗದ ಸ್ಟ್ರೋಕ್‌ನಲ್ಲಿ ಕೆಲವರಿಗೆ ಬಲಗಡೆಯ ನೋಟವೂ ಹೋಗಿರುತ್ತದೆ. ಚಿತ್ರಗಳನ್ನು ಅಡ್ಡ ಸಾಲಿನಲ್ಲಿ ಇಟ್ಟರೆ ಕೊನೆಯವು ಕಾಣದೇ ಹೋಗಬಹುದು. ನಾನು ಮೇಲಿಂದ ಕೆಳಗೆ ಜೋಡಿಸುತ್ತೇನೆ.

ಅವರದೇ ಕಥೆ, ಅಂದರೆ ಸ್ಟ್ರೋಕ್ ಆದ ದಿನದ ಕಥೆ, ನನ್ನ ಮನಸ್ಸಿಗೆ ಹತ್ತಿರ. ಮೊದಲ ಭೇಟಿಯಲ್ಲಿ ಕೇಳಿಯೇ ಕೇಳುತ್ತೇನೆ. ಅಳತೆಗೆ ಮಾತ್ರ ಬಳಸುವುದಿಲ್ಲ. ಹತ್ತು ಜನಕ್ಕೆ ಹೇಳಿ ಹೇಳಿ ಅದು ಬಾಯಿಪಾಠ ಆಗಿರುತ್ತದೆ, ಸರಿಯೋ ತಪ್ಪೋ ಅಂತ ನನಗೂ ತಿಳಿಯುವುದಿಲ್ಲ.

ನನಗೆ ಒಬ್ಬರಿಗೆ ಸಿಗುವುದು 45 ನಿಮಿಷ. ಮಾತನ್ನು ಅದೇ ಸಂಜೆ ಕೈಯಲ್ಲೇ ಬರೆದುಕೊಳ್ಳುವುದು ಅಭ್ಯಾಸ. ಸಣ್ಣ ತುಣುಕು ನಂಬಿದರೆ ಈ ವಾರಕ್ಕೂ ಮುಂದಿನ ವಾರಕ್ಕೂ ಅಂಕ ಸುಮ್ನೆ ಏರಿಳಿಯುತ್ತದೆ. ನಿಕೋಲಸ್ ಮತ್ತು ಬ್ರೂಕ್‌ಶೈರ್ 1994ರಲ್ಲಿ ಹೇಳಿದ್ದು, ಬೇರೆ ಬೇರೆ ಚಿತ್ರಗಳಿಂದ ಒಟ್ಟು 300 ರಿಂದ 400 ಪದ ಸೇರಿಸಿ ಅಂತ. ಅದಕ್ಕೆ ಸಾಲು ಚಿತ್ರಗಳ ನಾಲ್ಕು ಸೆಟ್ ಇಟ್ಟುಕೊಂಡಿದ್ದೇನೆ. ಹಾಸಿಗೆ ಪಕ್ಕದಲ್ಲಿ ಹತ್ತೇ ನಿಮಿಷ ಇದ್ದರೆ ಒಂದೇ ಚಿತ್ರ ಸಾಕು, ಆದರೆ ರಟ್ಟು ಮರೆಯಬೇಡಿ. ಹೆಸರಿನ ಕಾರ್ಡುಗಳು ಇನ್ನೂ ಕಪಾಟಿನಲ್ಲಿವೆ. ಏಣಿ, ಮರ ಅಂತ ಯಾವ ಪದಕ್ಕೆ ತಡವರಿಸಿದರು ಅಂತ ಮರುದಿನ ನೋಡಲು ತೆಗೆಯುತ್ತೇನೆ.