ದುರ್ಗದ ಕೋಟೆಗೆ ದಾಳಿಯ ತಂಡ: ಪೋಕೆಮಾನ್ ಶೋಡೌನ್ ಬಗ್ಗೆ ಒಂದು ವಿಮರ್ಶೆ

ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳ ಕಾಳಗವನ್ನು ಕ್ರಮವಾಗಿ ಕಲಿಯಬೇಕೆಂಬ ಆಸೆಯಿದ್ದು, ಅದಕ್ಕಾಗಿ ಕನ್ಸೋಲ್ ಮತ್ತು ಆಟದ ಕಾರ್ಟ್ರಿಜ್ ಕೊಳ್ಳುವಷ್ಟು ಹಣ ಒಟ್ಟುಮಾಡಲಾಗದವರಿಗೆ ಪೋಕೆಮಾನ್ ಶೋಡೌನ್ ಎಂಬ ಉಚಿತ ತಾಣವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ದಾವಣಗೆರೆಯ ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ರಾತ್ರಿ ಊಟವಾದ ಮೇಲೆ ಸಿಗುವ ಒಂದು ಗಂಟೆಯನ್ನು ಕಳೆದ ಎಂಟು ತಿಂಗಳಿಂದ ಈ ತಾಣಕ್ಕೆ ಮೀಸಲಿಟ್ಟಿದ್ದೇನೆ. ಇಷ್ಟು ದಿನವೂ ನಾನು ಬೆನ್ನುಹತ್ತಿದ್ದು ಒಂದೇ ಕೆಲಸವನ್ನು, ಅಂದರೆ ದಾಳಿಯನ್ನೇ ನೆಚ್ಚಿಕೊಂಡ ಆರು ಪೋಕೆಮಾನ್‌ಗಳ ತಂಡವೊಂದನ್ನು ಕಟ್ಟುವುದನ್ನು. ಆದ್ದರಿಂದ ಈ ವಿಮರ್ಶೆಯೂ ಆ ಕೆಲಸಕ್ಕೆ ತಾಣವು ಎಷ್ಟರಮಟ್ಟಿಗೆ ಒದಗಿಬಂತು ಎಂಬುದಕ್ಕೇ ಸೀಮಿತವಾಗಿದೆ.

1996ರಲ್ಲಿ ಜಪಾನಿನಲ್ಲಿ ಶುರುವಾದ ಮೂಲ ಆಟಗಳಲ್ಲಿ ಪೋಕೆಮಾನನ್ನು ಹುಡುಕಬೇಕು, ಹಿಡಿಯಬೇಕು, ಸಾಕಿ ಮಟ್ಟ ಏರಿಸಬೇಕು; ಕಾಳಗದ ಕಣಕ್ಕೆ ಯೋಗ್ಯವಾದ ಒಂದು ತಂಡ ಸಿದ್ಧವಾಗುವಷ್ಟರಲ್ಲಿ ದಿನಗಳೇ ಕಳೆದುಹೋಗುತ್ತವೆ. ಶೋಡೌನ್‌ನಲ್ಲಿ ಅದಾವುದೂ ಇಲ್ಲ. ಬ್ರೌಸರ್ ತೆರೆದು ಟೀಮ್‌ಬಿಲ್ಡರ್ ಎಂಬ ಪುಟಕ್ಕೆ ಹೋದರೆ ಯಾವ ಪೋಕೆಮಾನನ್ನಾದರೂ ಆರಿಸಿ, ಅದಕ್ಕೆ ನಾಲ್ಕು ಮೂವ್‌ಗಳು (ಸರದಿ ಬಂದಾಗ ಆರಿಸುವ ಪಟ್ಟುಗಳು), ಒಂದು ಐಟಂ (ಜೊತೆಗೆ ಒಯ್ಯುವ ವಸ್ತು), ಒಂದು ಸ್ವಭಾವ ಮತ್ತು ಇವಿ ಎಂಬ ಅಂಕಗಳನ್ನು ಅಲ್ಲೇ ಹಂಚಬಹುದು. ಒಟ್ಟು ಇವಿ 510, ಅಟ್ಯಾಕ್, ಸ್ಪೀಡ್‌ನಂಥ ಒಂದು ಗುಣಕ್ಕೆ ಗರಿಷ್ಠ 252. ದಾಳಿಯ ತಂಡದವರು ಸಾಮಾನ್ಯವಾಗಿ ಅಟ್ಯಾಕ್‌ಗೆ 252, ಸ್ಪೀಡ್‌ಗೆ 252 ಕೊಟ್ಟು, ಉಳಿದ 6ರಲ್ಲಿ 4ನ್ನು ಎಲ್ಲಾದರೂ ಹಾಕುತ್ತಾರೆ. ತಂಡ ನಿಯಮಕ್ಕೆ ಒಪ್ಪುತ್ತದೆಯೇ ಎಂದು ಪರೀಕ್ಷಿಸಲು ಒಂದು ಗುಂಡಿ ಇದೆ. ಅದನ್ನು ಒತ್ತಿ, ಸರಿಯಿದ್ದರೆ ಲ್ಯಾಡರ್ ಎಂಬ ಅಂಕದ ಪಂದ್ಯಗಳಿಗೆ ಇಳಿಯಬಹುದು. ಅಲ್ಲಿ ಎಲ್ಲರೂ 1000 ಅಂಕದಿಂದ ಶುರುಮಾಡಿ, ಗೆದ್ದಂತೆ ಏರುತ್ತಾರೆ, ಸೋತಂತೆ ಇಳಿಯುತ್ತಾರೆ.

ನನ್ನ ಮೊದಲ ತಂಡವು ಆರು ಬಲಶಾಲಿಗಳ ಗುಂಪಾಗಿತ್ತು, ಅಷ್ಟೇ. ಅಂಗಡಿಯ ತುಂಬ ರೇಷ್ಮೆ ಸೀರೆಯನ್ನೇ ಜೋಡಿಸಿಟ್ಟು, ದಿನಾ ಕೇಳಿಬರುವ ಟವೆಲ್ಲು, ಲುಂಗಿ ಒಂದನ್ನೂ ತರಿಸದವನ ವ್ಯಾಪಾರದಂತಿತ್ತು ಅದು. ಆರರಲ್ಲಿ ಐದು ಕೈಯೇಟು ಹೊಡೆಯುವಂಥವು, ಮೂರಕ್ಕೆ ನೆಲದ ಟೈಪಿನ (ವರ್ಗದ) ಮೂವ್ ಎಂದರೆ ಆಗದು, ಎದುರಾಳಿಯ ಹೊಡೆತದ ನಡುವೆ ಸುರಕ್ಷಿತವಾಗಿ ಕಣಕ್ಕೆ ಬರಬಲ್ಲದ್ದು ಒಂದೂ ಇರಲಿಲ್ಲ. ದುಗ್ಗಮ್ಮನ ಜಾತ್ರೆಯ ಕುಸ್ತಿಯನ್ನು ಕಣದ ಪಕ್ಕದಲ್ಲೇ ಕೂತು ನೋಡಿದವರಿಗೆ ಈ ತಪ್ಪು ಕೂಡಲೇ ತಿಳಿಯುತ್ತದೆ. ಒಳ್ಳೆಯ ಪೈಲ್ವಾನ ಕೈ ಹಿಡಿದ ಕ್ಷಣವೇ ಚಿತ್ ಮಾಡಲು ಹೋಗುವುದಿಲ್ಲ. ಎದುರಾಳಿಯ ಕಾಲು ಸಡಿಲಾಗುವ ತನಕ ಒತ್ತುತ್ತಾನೆ, ತಳ್ಳುತ್ತಾನೆ, ಆಮೇಲಷ್ಟೇ ಪಟ್ಟು ಹಾಕುತ್ತಾನೆ. ದಾಳಿಯ ತಂಡದಲ್ಲಿಯೂ ಯಾವುದು ಒತ್ತಬೇಕು, ಯಾವುದು ಪಟ್ಟು ಹಾಕಬೇಕು, ಯಾವುದು ಕೊನೆಗೆ ಎದೆಯ ಮೇಲೆ ಕೂರಬೇಕು ಎಂಬ ಸರದಿ ಮೊದಲೇ ಗೊತ್ತಾಗಿರಬೇಕು.

ಒತ್ತುವ ಕೆಲಸವನ್ನು ನಾನು ಗ್ಲಿಮೋರಾಕ್ಕೆ ವಹಿಸಿದೆ. ಇದು ಫೋಕಸ್ ಸ್ಯಾಶ್ ಕಟ್ಟಿಕೊಂಡು ಮೊದಲು ಇಳಿಯುತ್ತದೆ. ಪೂರ್ತಿ ಜೀವವಿರುವಾಗ ಎಂಥ ಒಂದು ಹೊಡೆತ ಬಿದ್ದರೂ ಆ ಪಟ್ಟಿಯ ಬಲದಿಂದ ಒಂದು ಅಂಕದಲ್ಲಾದರೂ ನಿಲ್ಲುತ್ತದೆ. ಅಷ್ಟರಲ್ಲಿ ಎದುರಾಳಿಯ ಅಂಗಳದಲ್ಲಿ ಸ್ಟೆಲ್ತ್ ರಾಕ್ ಎಂಬ ಚುಚ್ಚುವ ಕಲ್ಲುಗಳನ್ನು ಹರಡಿರುತ್ತದೆ. ಆ ಮೇಲೆ ಎದುರಾಳಿ ಪೋಕೆಮಾನ್ ಬದಲಿಸಿದಾಗಲೆಲ್ಲ ಒಳಗೆ ಬಂದದ್ದರ ಜೀವದಲ್ಲಿ ಎಂಟನೆಯ ಒಂದು ಪಾಲು ಹೋಗುತ್ತದೆ. ಕಲ್ಲಿಗೆ ಇಮ್ಮಡಿ ದುರ್ಬಲವಾದದ್ದರಲ್ಲಿ ಕಾಲು ಪಾಲು, ನಾಲ್ಮಡಿ ದುರ್ಬಲವಾದದ್ದರಲ್ಲಿ ಅರ್ಧ. ಈ ಕಲ್ಲುಗಳನ್ನು ಗುಡಿಸಿಹಾಕಲು ಎದುರಾಳಿ ರ‍್ಯಾಪಿಡ್ ಸ್ಪಿನ್ ಅಥವಾ ಡಿಫಾಗ್ ಎಂಬ ಮೂವ್ ಬಳಸುತ್ತಾನೆ. ಅದನ್ನು ತಡೆಯಲು ಗೋಲ್ಡೆಂಗೊ ಇದೆ. ಅದು ಭೂತದ ಟೈಪ್ ಆದ್ದರಿಂದ ರ‍್ಯಾಪಿಡ್ ಸ್ಪಿನ್ ಅದಕ್ಕೆ ತಗಲುವುದೇ ಇಲ್ಲ. ಗುಡ್ ಆ್ಯಸ್ ಗೋಲ್ಡ್ ಎಂಬ ಸಾಮರ್ಥ್ಯದಿಂದಾಗಿ ಡಿಫಾಗ್ ಕೂಡ ಅದರೆದುರು ನಡೆಯುವುದಿಲ್ಲ. ಈ ಎರಡನ್ನು ಒಟ್ಟಿಗೆ ಇಟ್ಟ ದಿನವೇ ನನ್ನ ತಂಡಕ್ಕೆ ಒಂದು ಹದ ಬಂತು.

ಇನ್ನು ಡ್ರಾಗೊನೈಟ್. ಶೋಡೌನ್ ಕಲಿಸುವ ವಿಧಾನ ನನಗೆ ಪೂರ್ತಿಯಾಗಿ ಮನದಟ್ಟಾದದ್ದು ಇದರ ವಿಷಯದಲ್ಲಿಯೇ. ಡ್ರಾಗನ್ ಡ್ಯಾನ್ಸ್ ಎಂಬ ಮೂವ್ ಮಾಡಿದರೆ ಇದರ ಅಟ್ಯಾಕ್ ಮತ್ತು ಸ್ಪೀಡ್ ಎರಡೂ ಒಂದೂವರೆ ಪಟ್ಟಾಗುತ್ತವೆ. ಮಲ್ಟಿಸ್ಕೇಲ್ ಎಂಬ ಸಾಮರ್ಥ್ಯ ಇರುವುದರಿಂದ ಪೂರ್ತಿ ಜೀವವಿದ್ದಾಗ ಬಿದ್ದ ಹೊಡೆತ ಅರ್ಧಕ್ಕೆ ಇಳಿಯುತ್ತದೆ. ಕಲ್ಲು ತಗುಲಿ ಈ ರಕ್ಷಣೆ ಕಳಚಬಾರದೆಂದು ಹೆವಿ ಡ್ಯೂಟಿ ಬೂಟ್ಸ್ ತೊಡಿಸಿದ್ದೆ. ಹೊಡೆತ ಜೋರಾಗಿರಲಿ ಎಂದು ಅಡಮಂಟ್ ಸ್ವಭಾವ ಕೊಟ್ಟಿದ್ದೆ. ಅಟ್ಯಾಕ್ 403 ಆಗಿತ್ತು. ಲ್ಯಾಡರ್‌ನ ಒಂದು ಆಟದಲ್ಲಿ ಅದು ಗಾಯವಿಲ್ಲದೆ ಒಂದು ಸಲ ಡ್ಯಾನ್ಸ್ ಮಾಡಿ ಎದುರಿನದನ್ನು ಕೆಡವಿತು. ಎದುರಾಳಿ ಡ್ರಾಗಾಪಲ್ಟ್ ಇಳಿಸಿದ. ನಾನು ಡ್ರಾಗನ್ ಕ್ಲಾ ಒತ್ತಿದೆ. ಮೊದಲು ಹೊಡೆದದ್ದು ಡ್ರಾಗಾಪಲ್ಟ್. ಅದರ ಡ್ರಾಗನ್ ಡಾರ್ಟ್ಸ್ ಎರಡು ಬಾರಿ ಹೊಡೆಯುವ ಮೂವ್. ಮಲ್ಟಿಸ್ಕೇಲ್ ಅರ್ಧಕ್ಕಿಳಿಸುವುದು ಮೊದಲನೆಯದನ್ನು ಮಾತ್ರ. ಎರಡನೆಯದು ಪೂರ್ತಿ ಬಲದಿಂದ ಬಿತ್ತು, ನನ್ನ ಡ್ರಾಗೊನೈಟ್ ಮಲಗಿತು.

ಆ ರಾತ್ರಿ ಆಟವನ್ನು ರಿಪ್ಲೇಯಾಗಿ ಉಳಿಸಿಕೊಂಡು, ಶೋಡೌನ್‌ನ ಡ್ಯಾಮೇಜ್ ಕ್ಯಾಲ್ಕ್ಯುಲೇಟರ್ ತೆರೆದು, ಅಂಗಡಿಯಿಂದ ತಂದಿದ್ದ ಹಳೆಯ ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಲೆಕ್ಕ ಬರೆದೆ. ಹೊಡೆತದ ಬಲ ಹೆಚ್ಚಿಸುವ ಚಾಯ್ಸ್ ಬ್ಯಾಂಡ್ ಎಂಬ ಐಟಂ ಕಟ್ಟಿದ ಡ್ರಾಗಾಪಲ್ಟ್‌ನ ಮೊದಲ ಹೊಡೆತ 121ರಿಂದ 144, ಎರಡನೆಯದು 242ರಿಂದ 288. ಅತಿ ಕಡಿಮೆ ಬಿದ್ದರೂ 363. ನನ್ನದರ ಜೀವ 323. ಹೀಗಾಗಿ ಅದೃಷ್ಟವನ್ನು ದೂರುವಂತಿರಲಿಲ್ಲ. ನಂತರ ಸ್ಪೀಡ್ ನೋಡಿದೆ. ಡ್ರಾಗಾಪಲ್ಟ್‌ನ ಗರಿಷ್ಠ ಸ್ಪೀಡ್ 421. ಅಡಮಂಟ್ ಡ್ರಾಗೊನೈಟ್‌ನದು 259, ಒಂದು ಡ್ಯಾನ್ಸ್ ಆದ ಮೇಲೆ 388. ಅದೇ ಜಾಲಿ ಸ್ವಭಾವ ಕೊಟ್ಟಿದ್ದರೆ 284, ಡ್ಯಾನ್ಸ್ ಆದ ಮೇಲೆ 426. ಐದೇ ಅಂಕದ ಮೇಲುಗೈ. ಬೇರೆಯವುಗಳ ಎದುರು ಎಕ್ಸ್‌ಟ್ರೀಮ್ ಸ್ಪೀಡ್ ಎಂಬ ಮುಂಗಡ ಹೊಡೆತ ಕೈಹಿಡಿಯುತ್ತಿತ್ತು. ಡ್ರಾಗಾಪಲ್ಟ್ ಭೂತದ ಟೈಪ್ ಕೂಡ ಆದ್ದರಿಂದ ನಾರ್ಮಲ್ ಟೈಪಿನ ಆ ಮೂವ್ ಅದಕ್ಕೆ ತಾಗುವುದಿಲ್ಲ. ಜಾಲಿಗೆ ಬದಲಿಸಿದರೆ ಅಟ್ಯಾಕ್ 403ರಿಂದ 367ಕ್ಕೆ ಇಳಿಯುತ್ತದೆ ನಿಜ, ಆದರೆ ಮೊದಲು ಹೊಡೆಯುವ 367, ಹೊಡೆಯುವ ಮೊದಲೇ ಬೀಳುವ 403ಕ್ಕಿಂತ ನೂರು ಪಾಲು ಮೇಲು. ಟೀಮ್‌ಬಿಲ್ಡರ್‌ಗೆ ಹೋಗಿ ಆ ಒಂದು ಪದ ಬದಲಿಸಲು ಹಿಡಿದದ್ದು ಹತ್ತು ಸೆಕೆಂಡು. ಸೋತ ಅರ್ಧ ಗಂಟೆಯೊಳಗೆ ಕಾರಣ ತಿಳಿದು, ತಿದ್ದಿದ ತಂಡದೊಡನೆ ಮತ್ತೆ ಕಣಕ್ಕಿಳಿಯುವ ಈ ಅವಕಾಶವೇ ಈ ತಾಣದ ಅತಿ ದೊಡ್ಡ ಗುಣವೆಂದು ನಾನು ತಿಳಿದಿದ್ದೇನೆ.

ಉಳಿದ ಮೂರರಲ್ಲಿ ಐರನ್ ವೇಲಿಯಂಟ್ ವೇಗಕ್ಕಾಗಿ ಇದೆ; ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ರೇಟ್ ಟಸ್ಕ್ ಮತ್ತು ಕಿಂಗಾಂಬಿಟ್‌ಗಳ ಬೆಲೆ ನನಗೆ ಗೊತ್ತಾದದ್ದು ಚಿತ್ರದುರ್ಗದಲ್ಲಿರುವ ನನ್ನ ಚಿಕ್ಕಪ್ಪನ ಮಗನೊಡನೆ ಆಡಿದ ಮೂರು ಆಟಗಳಲ್ಲಿ. ಅವನದು ಪೂರ್ತಿ ತಡೆಯುವ ತಂಡ. ಮುಂದೆ ಡಾಂಡೋಜೊ, ಹಿಂದೆ ಬ್ಲಿಸಿ. ಡಾಂಡೋಜೊಗೆ ಅನ್‌ಅವೇರ್ ಎಂಬ ಸಾಮರ್ಥ್ಯವಿದ್ದು, ಎದುರಿನದು ಎಷ್ಟು ಬಾರಿ ಡ್ಯಾನ್ಸ್ ಮಾಡಿ ಬಲ ಹೆಚ್ಚಿಸಿಕೊಂಡಿದ್ದರೂ ಅದನ್ನು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಬ್ಲಿಸಿಯ ಮೂಲ ಜೀವಾಂಕ 255, ಕೈಯೇಟಲ್ಲದ ವಿಶೇಷ ಹೊಡೆತಗಳೆಲ್ಲ ಅದರ ಮೇಲೆ ಮಳೆಹನಿಯಂತೆ ಜಾರಿಹೋಗುತ್ತವೆ. ಮೊದಲ ಆಟದಲ್ಲಿ ಡ್ರಾಗೊನೈಟ್ ಡ್ಯಾನ್ಸ್ ಮಾಡಿದ್ದೆಲ್ಲ ಡಾಂಡೋಜೊ ಎದುರು ನೀರಿನಲ್ಲಿ ಹೋಮ ಮಾಡಿದಂತಾಯಿತು. ಫೋನಿನಲ್ಲಿ ಅವನು, "ಅಣ್ಣಾ, ಇದು ದುರ್ಗದ ಕೋಟೆ. ಹೆಬ್ಬಾಗಿಲಿಂದ ಬಂದ್ರೆ ಆಗೋದಲ್ಲ, ಕಿಂಡಿ ಹುಡುಕ್ಬೇಕು ನೀನು" ಎಂದ. ಎರಡನೆಯ ಆಟದಲ್ಲಿ ಕೊನೆಯವರೆಗೂ ಬಂದು, ಬ್ಲಿಸಿ ಹೊಡೆಯುತ್ತದೆಂದು ನಂಬಿ ಕಿಂಗಾಂಬಿಟ್‌ನಿಂದ ಸಕರ್ ಪಂಚ್ ಒತ್ತಿದೆ. ಅವನು ಸಾಫ್ಟ್ ಬಾಯಿಲ್ಡ್ ಒತ್ತಿ ಅರ್ಧ ಜೀವ ತುಂಬಿಸಿಕೊಂಡ. ಎದುರಿನದು ದಾಳಿಯ ಮೂವ್ ಆರಿಸದಿದ್ದರೆ ಸಕರ್ ಪಂಚ್ ವಿಫಲವಾಗುತ್ತದೆ, ಆ ಸರದಿಯೇ ವ್ಯರ್ಥ.

ಮೂರನೆಯ ಆಟದಲ್ಲಿ ಕಿಂಡಿ ಸಿಕ್ಕಿತು. ಅವನ ಪೋಕೆಮಾನ್‌ಗಳು ನಿರ್ಭಯವಾಗಿ ಒಳಹೊರಗೆ ಓಡಾಡಲು ಕಾರಣ ಅವು ತೊಟ್ಟಿದ್ದ ಹೆವಿ ಡ್ಯೂಟಿ ಬೂಟ್ಸ್. ಅದಿರುವ ತನಕ ನನ್ನ ಸ್ಟೆಲ್ತ್ ರಾಕ್ ಅವಕ್ಕೆ ಚುಚ್ಚುವುದಿಲ್ಲ. ಗ್ರೇಟ್ ಟಸ್ಕ್‌ಗೆ ನಾಕ್ ಆಫ್ ಎಂಬ ಮೂವ್ ಕೊಟ್ಟೆ. ಅದು ಹೊಡೆದರೆ ಎದುರಿನದರ ಐಟಂ ಉದುರಿಬೀಳುತ್ತದೆ. ಅವಸರ ಮಾಡದೆ ಮೊದಲ ಹತ್ತು ಸರದಿಗಳಲ್ಲಿ ಒಂದೊಂದೇ ಬೂಟ್ಸ್ ಉದುರಿಸುತ್ತ ಹೋದೆ. ಅಲ್ಲಿಂದ ಮುಂದೆ ಅವನು ಬದಲಿಸಿದಾಗಲೆಲ್ಲ ಎಂಟನೆಯ ಒಂದು ಪಾಲು ಕಳೆದುಕೊಳ್ಳಬೇಕಾಯಿತು. ಗೋಲ್ಡೆಂಗೊ ಶ್ಯಾಡೋ ಬಾಲ್ ಎತ್ತಿದಾಗ ಡಾಂಡೋಜೊ ನಿಲ್ಲಲಾರದು, ಅದರ ವಿಶೇಷ ರಕ್ಷಣೆಯ ಮೂಲಾಂಕ 65 ಮಾತ್ರ. ಅವನು ಬ್ಲಿಸಿಯನ್ನು ತರಲೇಬೇಕು, ಏಕೆಂದರೆ ಭೂತದ ಹೊಡೆತ ಅದಕ್ಕೆ ತಾಗುವುದಿಲ್ಲ. ಅದನ್ನು ಊಹಿಸಿ ಅದೇ ಸರದಿಯಲ್ಲಿ ನಾನು ಗ್ರೇಟ್ ಟಸ್ಕ್ ಇಳಿಸಿದೆ. ಕಣದಲ್ಲಿ ಬ್ಲಿಸಿ, ಎದುರಿಗೆ ಕ್ಲೋಸ್ ಕೊಂಬ್ಯಾಟ್ ಎತ್ತಿ ನಿಂತ ಟಸ್ಕ್. ಫೋನಿನ ಆ ತುದಿಯಲ್ಲಿ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಕೊನೆಗೆ ಕಿಂಗಾಂಬಿಟ್ ಇಳಿಯಿತು. ತನ್ನ ಕಡೆಯ ಬಿದ್ದ ಒಂದೊಂದು ಪೋಕೆಮಾನ್‌ಗೂ ಶೇಕಡಾ ಹತ್ತರಷ್ಟು ಬಲ ಅದರ ಹೊಡೆತಗಳಿಗೆ ಸೇರುತ್ತದೆ, ಐದು ಬಿದ್ದಿದ್ದರೆ ಒಂದೂವರೆ ಪಟ್ಟು. ಈ ಬಲ ಡ್ಯಾನ್ಸ್‌ನಿಂದ ಬಂದದ್ದಲ್ಲವಾದ್ದರಿಂದ ಡಾಂಡೋಜೊದ ಅನ್‌ಅವೇರ್ ಕೂಡ ಅದನ್ನು ಅಳಿಸಲಾರದು. ಆಗಲೇ ಕಲ್ಲು ತಿಂದು ಬಳಲಿದ್ದ ಡಾಂಡೋಜೊಗೆ ಕೌಟೌ ಕ್ಲೀವ್ ಎರಡೇ ಏಟು ಸಾಕಾಯಿತು.

ಕೊರತೆಗಳನ್ನೂ ಹೇಳಬೇಕು. ಹೊಸಬರನ್ನು ಕೈಹಿಡಿದು ನಡೆಸುವ ಪಾಠ ಇಲ್ಲಿ ಸಾಲದು. ನೂರಾರು ಮೂವ್‌ಗಳ ಇಂಗ್ಲಿಷ್ ಹೆಸರು ಮತ್ತು ಹದಿನೆಂಟು ಟೈಪ್‌ಗಳ ಸಂಬಂಧ ತಲೆಗೆ ಹತ್ತಲು ನನಗೆ ಎರಡು ತಿಂಗಳು ಹಿಡಿಯಿತು. ಅಷ್ಟರವರೆಗೆ, ತಾಣವೇ ತಂಡ ಕಟ್ಟಿಕೊಡುವ ರ‍್ಯಾಂಡಮ್ ಬ್ಯಾಟಲ್ ಆಡುವುದು ಒಳ್ಳೆಯದು. ಯಾವ ಪೋಕೆಮಾನ್ ಎಷ್ಟು ಬಳಕೆಯಲ್ಲಿದೆ ಎಂಬ ಅಂಕಿಅಂಶವನ್ನು ಪೋಕೆಮಾನ್ ಕಾಳಗದ ಆಟಗಾರರ ಸ್ಮೋಗನ್ ಸಮುದಾಯ ತಿಂಗಳಿಗೊಮ್ಮೆ ಪ್ರಕಟಿಸುತ್ತದೆ. ತಂಡ ಕಟ್ಟುವ ಮೊದಲು ಅದನ್ನು ಓದಿಕೊಂಡರೆ ಯಾರಿಗೆ ಸಿದ್ಧವಾಗಬೇಕೆಂದು ತಿಳಿಯುತ್ತದೆ. ಸಣ್ಣ ಫೋನಿನ ಪರದೆಯಲ್ಲಿ ಟೀಮ್‌ಬಿಲ್ಡರ್ ಬಳಸುವುದು ಕಣ್ಣಿಗೆ ಶ್ರಮ. ತಂಡ ಕಟ್ಟಲು ಕಂಪ್ಯೂಟರೇ ಸೂಕ್ತ, ಆಡುವುದನ್ನು ಬೇಕಾದರೆ ಫೋನಿನಲ್ಲಿ ಆಡಬಹುದು.

ಒಂದು ಎಚ್ಚರಿಕೆ ಮುಖ್ಯ. ಕಟ್ಟಿದ ತಂಡಗಳು ಸಾಮಾನ್ಯವಾಗಿ ನಮ್ಮ ಬ್ರೌಸರಿನಲ್ಲೇ ಉಳಿದಿರುತ್ತವೆ. ನನ್ನ ಕಂಪ್ಯೂಟರನ್ನು ದುರಸ್ತಿಗೆ ಕೊಟ್ಟಿದ್ದಾಗ, ಅಂಗಡಿಯವರು ಕೇಳದೆಯೇ ಬ್ರೌಸರಿನ ಮಾಹಿತಿಯನ್ನೆಲ್ಲ ಅಳಿಸಿದ್ದರಿಂದ ನಾಲ್ಕು ತಿಂಗಳ ಹನ್ನೆರಡು ತಂಡಗಳು ಹೋದವು. ಟೀಮ್‌ಬಿಲ್ಡರ್‌ನಲ್ಲಿ ತಂಡವನ್ನು ಸರಳ ಅಕ್ಷರರೂಪಕ್ಕೆ ತೆಗೆದುಕೊಳ್ಳುವ ಸೌಲಭ್ಯವಿದೆ. ಪ್ರತಿ ತಂಡಕ್ಕೂ ಅದನ್ನು ಬಳಸಿ ಇನ್ನೊಂದೆಡೆ ಉಳಿಸಿಕೊಳ್ಳಿ. ಡ್ರಾಗೊನೈಟ್ ತಂಡ ನನಗೆ ಮರಳಿ ಸಿಕ್ಕಿದ್ದು ಅದರಿಂದಲೇ: ಸೋತ ಮೇಲೆ ದುರ್ಗದ ತಮ್ಮ ಅದನ್ನು ಕೇಳಿದ್ದ, ನಾನು ಅಕ್ಷರರೂಪದಲ್ಲಿ ಕಳಿಸಿದ್ದೆ, ಅವನ ಫೋನಿನಲ್ಲಿ ಅದು ಹಾಗೆಯೇ ಇತ್ತು.