ಹೆಣ ತೊಳೆಯೋ ಗೇಮ್: ಎ ಮಾರ್ಟಿಶಿಯನ್ಸ್ ಟೇಲ್ ಆಡಿದ್ಮೇಲೆ

ಹೆಣಕ್ಕೆ ಸ್ನಾನ ಮಾಡ್ಸೋ ಗೇಮ್ ಆಡ್ತಿದೀನಿ ಅಂದ್ರೆ ಮನೇಲಿ ಏನ್ ರಾಮಾಯಣ ಆಗುತ್ತೆ ಅಂತ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಎಲ್ರೂ ಮಲಗಿದ್ಮೇಲೆ ಲೈಟ್ ಆಫ್ ಮಾಡಿ ಹೆಡ್‌ಫೋನ್ ಹಾಕ್ಕೊಂಡು ಕೂತೆ. ನೀರು ಕುಡಿಯೋಕೆ ಅಂತ ಎದ್ದ ಅಮ್ಮ ಹಿಂದೆ ಬಂದು ನಿಂತಿದ್ದೇ ಗೊತ್ತಾಗ್ಲಿಲ್ಲ. "ಥೂ ಅನಿಷ್ಟ, ಹೊತ್ತಲ್ಲದ ಹೊತ್ನಲ್ಲಿ ಏನಿದು ಹೆಣ ಇಟ್ಕೊಂಡು ಕೂತಿದೀಯ" ಅಂದ್ರು. ಬೈದ್ರು ಸರಿ, ಆದ್ರೆ ಹೋಗ್ಲಿಲ್ಲ, ಅಲ್ಲೇ ದಿವಾನದ ಮೇಲೆ ಕೂತ್ಕೊಂಡ್ರು. ಅದು ಆಮೇಲೆ ಹೇಳ್ತೀನಿ.

ಗೇಮ್ ಹೆಸ್ರು ಎ ಮಾರ್ಟಿಶಿಯನ್ಸ್ ಟೇಲ್, ಮಾರ್ಟಿಶಿಯನ್ ಅಂದ್ರೆ ಹೆಣಾನ ಅಂತ್ಯಕ್ರಿಯೆಗೆ ರೆಡಿ ಮಾಡೋರು. ಹೊಸದೇನಲ್ಲ, 2017ರ ಅಕ್ಟೋಬರಲ್ಲಿ ಬಂದಿದ್ದು. ಮಾಡಿದ್ದು ಕೆನಡಾದ ಟೊರೊಂಟೊದಲ್ಲಿರೋ ಲಾಂಡ್ರಿ ಬೇರ್ ಗೇಮ್ಸ್ ಅನ್ನೋ ಚಿಕ್ಕ ಸ್ಟುಡಿಯೊ, ಡಿಸೈನ್ ಗ್ಯಾಬಿ ಡಾರಿಯೆಂಜೊ ಅನ್ನೋರದ್ದು. ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮಲ್ಲಿ ಸಿಗುತ್ತೆ, ಯಾವ್ದೋ ಸೇಲಲ್ಲಿ ತಗೊಂಡು ಲೈಬ್ರರೀಲಿ ಧೂಳು ತಿಂತಾ ಬಿದ್ದಿತ್ತು. ನೀವು ಚಾರ್ಲಿ ಅನ್ನೋ ಹುಡುಗಿ, ಓದು ಮುಗ್ಸಿ ರೋಸ್ ಆಂಡ್ ಡಾಟರ್ಸ್ ಅನ್ನೋ ಒಂದು ಮನೆತನದ ಫ್ಯೂನರಲ್ ಹೋಮಿಗೆ, ಅಂದ್ರೆ ಹೆಣ ರೆಡಿ ಮಾಡಿ ಅಂತ್ಯಕ್ರಿಯೆ ನಡ್ಸಿಕೊಡೋ ಜಾಗಕ್ಕೆ, ಕೆಲ್ಸಕ್ಕೆ ಸೇರಿರ್ತೀರ. ಬೆಳಿಗ್ಗೆ ಬಂದು ಇಮೇಲ್ ಓದೋದು, ಒಳಗೆ ಹೋಗಿ ಬಾಡಿ ರೆಡಿ ಮಾಡೋದು, ಆಮೇಲೆ ಹಾಲಿಗೆ ಹೋಗಿ ಬಂದ ಜನ ಮಾತಾಡೋದನ್ನ ಕೇಳಿಸ್ಕೊಂಡು, ಪೆಟ್ಟಿಗೆ ಮುಂದೆ ಒಂದ್ ನಿಮಿಷ ತಲೆ ಬಗ್ಗಿಸಿ ನಿಂತು ಬರೋದು. ಮಾರನೇ ದಿನ ಮತ್ತೆ ಇಮೇಲ್. ಇಷ್ಟೇ ಗೇಮು. ಸ್ಕೋರಿಲ್ಲ, ಟೈಮರ್ ಇಲ್ಲ, ದೆವ್ವ ಅಂತೂ ಇಲ್ವೇ ಇಲ್ಲ. ಹಾರರ್ ಅಂದ್ಕೊಂಡು ತಗೊಂಡ್ರೆ ದುಡ್ಡು ದಂಡ.

ನೋಡೋಕೆ ಎಲ್ಲಾ ನೇರಳೆ ಬಣ್ಣ, ಗೋಡೆ ನೇರಳೆ, ಟೇಬಲ್ ನೇರಳೆ, ಸತ್ತೋರೂ ನೇರಳೆ. ದೊಡ್ಡ ತಲೆ ಸಣ್ಣ ಮೈಯಿನ ಗೊಂಬೆ ಥರ ಇರ್ತಾರೆ ಎಲ್ರೂ. ಇದು ಮುದ್ದಾಗಿರ್ಲಿ ಅಂತ ಮಾತ್ರ ಮಾಡಿದ್ದಲ್ಲ ಅನ್ಸುತ್ತೆ, ನಿಜವಾದ ಮೈಬಣ್ಣ ನಿಜವಾದ ರಕ್ತ ತೋರ್ಸಿದ್ರೆ ನನ್ನಂಥೋರು ಎರಡನೇ ನಿಮಿಷಕ್ಕೇ ಆಲ್ಟ್ ಎಫ್ ಫೋರ್ ಒತ್ತಿ ಗೇಮ್ ಮುಚ್ಚಿರ್ತಿದ್ವಿ.

ಈಗ ಕೆಲ್ಸದ ವಿಷ್ಯಕ್ಕೆ ಬರ್ತೀನಿ, ಗೇಮಿನ ಜೀವ ಇರೋದೇ ಅಲ್ಲಿ. ಮೊದ್ಲು ಸ್ಪಂಜಲ್ಲಿ ಮೈ ಒರೆಸ್ಬೇಕು, ಮೌಸ್ ಹಿಡ್ಕೊಂಡು ನಿಧಾನಕ್ಕೆ. ಆಮೇಲೆ ರೆಪ್ಪೆ ಕೆಳಗೆ ಒಂದು ಸಣ್ಣ ಪ್ಲಾಸ್ಟಿಕ್ ಕ್ಯಾಪ್ ಇಡ್ಬೇಕು, ಕಣ್ಣು ಮತ್ತೆ ತೆರ್ಕೊಳ್ದೇ ಇರ್ಲಿ ಅಂತ. ಬಾಯಿ ಮುಚ್ಚಿಸ್ಬೇಕು. ರಕ್ತ ಹೊರಗೆ ತೆಗ್ದು ಆ ಜಾಗಕ್ಕೆ ಎಂಬಾಮಿಂಗ್ ದ್ರವ, ಅಂದ್ರೆ ಹೆಣ ಬೇಗ ಕೊಳೀದಂಗೆ ಇಡೋ ಔಷಧಿ, ತುಂಬ್ಬೇಕು. ಹೇಳುವಾಗ ಹೊಟ್ಟೆ ತೊಳ್ಸುತ್ತೆ, ಆಡುವಾಗ ಹಂಗಾಗಲ್ಲ. ಯಾವ ಸಾಮಾನು ಯಾವಾಗ ತಗೋಬೇಕು ಅಂತ ಗೇಮೇ ತೋರ್ಸುತ್ತೆ, ತಪ್ಪು ಮಾಡೋಕೆ ಬಿಡೋದೇ ಇಲ್ಲ.

ಇಲ್ಲಿ ನಂದೊಂದು ಕಥೆ ಇದೆ. 2016ರಲ್ಲಿ ನಮ್ ಚಿಕ್ಕಪ್ಪ ಮಸ್ಕತ್‌ನಲ್ಲಿ ತೀರ್ಕೊಂಡ್ರು, ಹಾರ್ಟ್ ಅಟ್ಯಾಕ್. ಬಾಡಿ ಊರಿಗೆ ಬರೋಕೆ ಡೆತ್ ಸರ್ಟಿಫಿಕೇಟು, ರಾಯಭಾರ ಕಚೇರಿ ಎನ್‌ಓಸಿ, ಕ್ಯಾನ್ಸಲ್ ಮಾಡಿದ ಪಾಸ್‌ಪೋರ್ಟು, ಇವೆಲ್ಲದ್ರ ಜೊತೆಗೆ ಎಂಬಾಮಿಂಗ್ ಸರ್ಟಿಫಿಕೇಟ್ ಅಂತ ಇನ್ನೊಂದು ಹಾಳೆ. ಫೋನಲ್ಲಿ ಓಡಾಡಿದ್ದು ನಾನೇ, ಆದ್ರೆ ಆ ಪದ ನನಗೆ ಫೈಲಲ್ಲಿ ಟಿಕ್ ಹಾಕೋ ಒಂದು ಸಾಲು ಅಷ್ಟೇ ಆಗಿತ್ತು, ಬಂತಾ ಬಂತು, ಸ್ಕ್ಯಾನ್ ಕಳ್ಸಿ, ಮುಂದಿನ್ದು. ಬೆಂಗ್ಳೂರು ಏರ್‌ಪೋರ್ಟ್ ಕಾರ್ಗೋದಿಂದ ಆಂಬುಲೆನ್ಸಲ್ಲಿ ಮಂಡ್ಯ ಪಕ್ಕದ ನಮ್ಮೂರಿಗೆ ತಂದು ಪೆಟ್ಟಿಗೆ ಮೊಳೆ ಕಿತ್ತಾಗ, ಅಜ್ಜಿ ಮುಖ ನೋಡಿ "ನನ್ ಮಗ ಮಲಗಿದಂಗೇ ಅವ್ನಲ್ಲಪ್ಪಾ" ಅಂದ್ರು. ಆಮೇಲೆ ಕೆನ್ನೆ ಮುಟ್ಟಿದ್ರು, ಮುಟ್ಟಿದ್ ಕೈ ತಕ್ಷಣ ಹಿಂದಕ್ಕೆ ತಗೊಂಡು "ಅಯ್ಯೋ ಕಲ್ಲಾಗವ್ನೆ" ಅಂದ್ರು. ಐಸಲ್ಲಿಟ್ಟಿದ್ರು ಅಜ್ಜಿ ಅದಕ್ಕೆ ಅಂತ ಯಾರೋ ಸಮಾಧಾನ ಹೇಳಿದ್ರು, ನಾನೂ ಅದನ್ನೇ ನಂಬಿದ್ದೆ.

ಐಸಲ್ಲ ಅದು. ಎಂಬಾಮಿಂಗ್ ದ್ರವದಲ್ಲಿರೋ ಫಾರ್ಮಾಲ್ಡಿಹೈಡ್ ಒಳಗೆ ಹೋದ್ರೆ ಮಾಂಸ ಬಿಗಿಯಾಗುತ್ತೆ, ಕೊಳೆಯೋದು ತಡ ಆಗೋದೇ ಅದ್ರಿಂದ. ಮುಖಕ್ಕೆ ಕಳೆ ಬರ್ಲಿ ಅಂತ ಆ ದ್ರವದಲ್ಲಿ ಬಣ್ಣಾನೂ ಸೇರ್ಸಿರ್ತಾರೆ. ಗೇಮ್ ಮುಗಿದ್ಮೇಲೆ ರಾತ್ರಿ ಒಂದೂವರೆಗೆ ಕೂತು ಇದನ್ನೆಲ್ಲಾ ಹುಡುಕಿ ಓದ್ದೆ. ಇಷ್ಟು ವರ್ಷ ಚಿಕ್ಕಪ್ಪನ ಮುಖ ನೆನಪಾದಾಗೆಲ್ಲ ಬರೀ ಆ ಪೆಟ್ಟಿಗೆ ಕಾಣ್ತಿತ್ತು, ಈಗ ಅದಕ್ಕಿಂತ ಮುಂಚಿನ ಒಂದು ರೂಮು ಕಾಣುತ್ತೆ, ನಮಗೆ ಹೆಸರೂ ಗೊತ್ತಿಲ್ದಿರೋ ಯಾರೋ ಒಬ್ರು ಅವ್ರ ಮೈ ತೊಳ್ದು ಕಣ್ಣು ಮುಚ್ಚಿದ್ರಲ್ಲ ಆ ರೂಮು. ಯಾವ ಇಂಡೀ ಗೇಮಿಂದಾನೂ ನಾನು ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ.

ನಮ್ ಕಡೆ ಎಂಬಾಮಿಂಗ್ ಅಂದ್ರೆ ಜಾಸ್ತಿ ಹಿಂಗೆ ದೂರದಿಂದ ಸಾಗ್ಸೋಕೆ ಮಾತ್ರ ತಾನೇ, ಬೆಳಿಗ್ಗೆ ಹೋದ್ರೆ ಸಂಜೆ ಒಳಗೆ ಬೆಂಕಿನೋ ಮಣ್ಣೋ ಆಗೋಗಿರುತ್ತೆ. ಅಮೆರಿಕ ಕೆನಡಾ ಕಡೆ ಇದೇ ಮಾಮೂಲಿ ಪದ್ಧತಿ ಆಗಿತ್ತು. ಅಮೆರಿಕದಲ್ಲಿ 1861ರಿಂದ 65ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರನ್ನ ರೈಲಲ್ಲಿ ಊರಿಗೆ ಕಳ್ಸೋಕೆ ಅಂತ ಇದು ಹಬ್ಬಿದ್ದು, ಆಮೇಲೆ ಲಿಂಕನ್ ಹೆಣಾನೂ ಎಂಬಾಮ್ ಮಾಡಿ ಊರೂರು ಮೆರವಣಿಗೆ ಮಾಡಿದ್ಮೇಲೆ ಜನಕ್ಕೆ ಅಭ್ಯಾಸ ಆಗೋಯ್ತು. ಅಲ್ಲೂ ಶುರುವಾಗಿದ್ದು ಸಾಗಾಣಿಕೆಗೇ ನೋಡಿ.

ಗೇಮಲ್ಲಿ ಕೆಲವರಿಗೆ ಎಂಬಾಮಿಂಗ್ ಬದ್ಲು ಕ್ರಿಮೇಷನ್, ಅಂದ್ರೆ ಸುಡೋದು, ಬರುತ್ತೆ. ಅದು ನಮಗೆ ಗೊತ್ತಿರೋದೇ ಅಂತ ಕೂತ್ರೆ ಅಲ್ಲೂ ಒಂದು ಹೊಡೆತ, ಸುಟ್ಟಾದ್ಮೇಲೆ ಉಳಿದ ಮೂಳೆನ ಒಂದು ಮಷೀನಿಗೆ ಹಾಕಿ ಪುಡಿ ಮಾಡ್ತಾರೆ, ಮಿಕ್ಸಿ ಥರ. ನಾವು ಮಾರನೇ ದಿನ ಹಾಲು ಚಿಮುಕಿಸಿ, ಬೂದಿಲಿ ಕೈ ಹಾಕಿ, ಒಂದೊಂದೇ ಅಸ್ಥಿ ಆರ್ಸಿ ಮಡಕೆಗೆ ಹಾಕ್ಕೊಂಡು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗೋರು. ಮನೆಯೋರ ಕೈಗೆ ಮೂಳೆ ಸಿಗ್ಲೇಬಾರ್ದು ಅನ್ನೋದು ಅವ್ರ ಕ್ರಮ, ಸಿಗ್ಲೇಬೇಕು ಅನ್ನೋದು ನಮ್ದು. ಆ ಮಷೀನ್ ಬಟನ್ ಒತ್ತುವಾಗ ನನ್ ಬೆರಳು ಒಂಚೂರು ತಡೀತು ನಿಜ.

ಗೇಮ್ ಮಧ್ಯದಲ್ಲಿ ಒಂದು ದೊಡ್ಡ ಕಂಪನಿ ಬಂದು ಈ ಫ್ಯೂನರಲ್ ಹೋಮನ್ನ ಕೊಂಡ್ಕೊಳ್ಳುತ್ತೆ. ಅಲ್ಲಿಂದ ಇಮೇಲ್ ಭಾಷೆನೇ ಬದಲಾಗುತ್ತೆ, ಮೊದ್ಲು "ಈ ಮನೆಯೋರಿಗೆ ತುಂಬಾ ಕಷ್ಟ ಆಗಿದೆ, ನಿಧಾನಕ್ಕೆ ಮಾಡು" ಅನ್ನೋ ಧಾಟಿ ಇದ್ದಿದ್ದು ಆಮೇಲೆ ಸೇಲ್ಸು, ಟಾರ್ಗೆಟ್ಟು, ದುಬಾರಿ ಪೆಟ್ಟಿಗೆ ತೋರ್ಸಿ ಅನ್ನೋ ಧಾಟಿ. ಐಟಿ ಕಂಪನಿ ಅಕ್ವಿಸಿಷನ್ ಒಳಗೆ ಸಿಕ್ಕಾಕ್ಕೊಂಡೋರಿಗೆ ಈ ಮೇಲ್ ಓದುವಾಗ ನಗೂ ಬರುತ್ತೆ ಹೊಟ್ಟೆನೂ ಉರಿಯುತ್ತೆ. ಕಲ್ಪನೆ ಏನಲ್ಲ ಇದು, ಉತ್ತರ ಅಮೆರಿಕದಲ್ಲಿ ಮನೆತನದ ಫ್ಯೂನರಲ್ ಹೋಮ್‌ಗಳನ್ನ ದೊಡ್ಡ ಕಂಪನಿಗಳು ಕೊಂಡು, ಬೋರ್ಡಲ್ಲಿ ಹಳೇ ಹೆಸ್ರು ಹಂಗೇ ಬಿಟ್ಟು ವ್ಯಾಪಾರ ಮಾಡೋದು ದಶಕಗಳಿಂದ ಇದೆ. ದುಃಖದಲ್ಲಿರೋರು ಚೌಕಾಸಿ ಮಾಡಲ್ಲ ಅಂತ ಎಲ್ರಿಗೂ ಗೊತ್ತಲ್ಲ, ಅದಕ್ಕೇ ಅಮೆರಿಕ ಸರ್ಕಾರ 1984ರಲ್ಲಿ ಫ್ಯೂನರಲ್ ರೂಲ್ ಅಂತ ಜಾರಿಗೆ ತಂದು, ಒಂದೊಂದು ಸೇವೆಗೂ ಬೇರೆ ಬೇರೆ ರೇಟಿರೋ ಪಟ್ಟಿ ಗಿರಾಕಿ ಕೈಗೆ ಕೊಡ್ಲೇಬೇಕು ಅಂತ ಮಾಡ್ತು.

ಆದ್ರೆ ಗೇಮಲ್ಲಿ ಈ ಕಂಪನಿ ಭಾಗ ತೆಳು. ಅವ್ರು ಕೆಟ್ಟೋರು ಅಂತ ಮೊದಲ್ನೇ ಮೇಲಲ್ಲೇ ಗೊತ್ತಾಗುತ್ತೆ, ಮುಂದೇನಾಗುತ್ತೆ ಅಂತಾನೂ ಗೊತ್ತಾಗುತ್ತೆ, ಚಾರ್ಲಿ ಏನು ಮಾಡ್ತಾಳೆ ಅಂತ ಹೇಳಲ್ಲ, ಊಹೆ ಮಾಡ್ಬಿಡ್ತೀರ. ಇನ್ನೊಂದು ದೂರು, ಏನೂ ಆಯ್ಕೆ ಅಂತ ಹೆಚ್ಚಿಲ್ಲ, ತೋರ್ಸಿದ್ ಕಡೆ ಕ್ಲಿಕ್ ಮಾಡೋದು, ನಾಲ್ಕನೇ ಬಾಡಿ ಹೊತ್ತಿಗೆ ಕೈ ತಾನೇ ಓಡ್ತಿರುತ್ತೆ, ಕಣ್ಣು ಗಡಿಯಾರದ ಕಡೆ. ಅದೇ ಉದ್ದೇಶ, ಕೆಲ್ಸ ಅಂದ್ಮೇಲೆ ಅಭ್ಯಾಸ ಆಗುತ್ತೆ ಅಂತ ತೋರ್ಸೋಕೆ ಹಂಗೆ ಮಾಡಿದಾರೆ ಅಂತ ವಾದ ಮಾಡೋರಿದಾರೆ, ನಾನು ಅರ್ಧ ಒಪ್ತೀನಿ. ಒಂದು ಗಂಟೆ ಚಿಲ್ಲರೆಗೆ ಮುಗ್ದೋಗುತ್ತೆ ಬೇರೆ. ಫುಲ್ ರೇಟ್ ಕೊಡೋಕೆ ಮನಸ್ಸು ಬರ್ದಿದ್ರೆ ಸೇಲ್ ಕಾಯಿರಿ, ತಪ್ಪೇನಿಲ್ಲ. ಓದೋದು ಜಾಸ್ತಿ ಇದೆ, ಇಂಗ್ಲಿಷ್ ಮೇಲ್ ಓದೋಕೆ ಬೇಜಾರು ಪಡೋರಿಗೆ ಆಗಲ್ಲ. ಮನೇಲಿ ಹೊಸದಾಗಿ ಸಾವಾಗಿದ್ರೆ ಸ್ವಲ್ಪ ತಿಂಗ್ಳು ಬಿಟ್ಟು ಆಡಿ.

ಅಂತ್ಯಕ್ರಿಯೆಗೆ ಬಂದೋರ ಮಾತು ಮಾತ್ರ ಚೆನ್ನಾಗಿ ಬರ್ದಿದಾರೆ. ನಮ್ ಸಾವಿನ ಮನೇಲೂ ಅಂಗಳದಲ್ಲಿ ಕೂತೋರು ಒಂದ್ ಕ್ಷಣ ಕಣ್ಣೊರೆಸ್ಕೊಂಡು ಮರುಕ್ಷಣ ಕಬ್ಬಿನ ಕಟಾವಿನ ಮಾತಾಡ್ತಾರಲ್ಲ, ಅದೇ ಲಯ. ಒಂದು ಸಲ ಮಾತ್ರ ಹಾಲಿಗೆ ಹೋದ್ರೆ ಯಾರೂ ಇರಲ್ಲ. ಚಾರ್ಲಿ ಒಬ್ಳೇ.

ಅಲ್ಲೀವರ್ಗೂ ದಿವಾನದ ಮೇಲೆ ತೂಕಡಿಸ್ತಿದ್ದಾರೆ ಅಂದ್ಕೊಂಡಿದ್ದ ಅಮ್ಮ "ಯಾಕೆ, ಯಾರೂ ಬಂದಿಲ್ವಾ?" ಅಂದ್ರು. ಇಲ್ಲ ಅಂದೆ. ಸುಮ್ನಾದ್ರು. ಚಾರ್ಲಿ ತಲೆ ಬಗ್ಗಿಸಿ ನಿಂತ್ಲು, ಸ್ಕ್ರೀನ್ ಕಪ್ಪಾಯ್ತು, ಮತ್ತೆ ಇಮೇಲ್ ಬಂತು.

"ಪಾಪ, ಆ ಹುಡ್ಗಿಗೆ ತಿಂಗ್ಳಿಗೆ ಎಷ್ಟ್ ಕೊಡ್ತಾರಂತೆ?" ಅಂದ್ರು.